ಗಾಳಿ ನಿಂತರೆ ದೋಣಿಯೂ ನಿಲ್ಲಬೇಕೇ?

ಮಕ್ಕಳೇ, ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯತ್ತ ಹರಿಯುತ್ತದೆ. ಸೇತುವೆ ಇಲ್ಲದ ಕಾಲದಲ್ಲಿ ಇಂಥ ಹೊಳೆ ದಾಟಲು ಹರಿಗೋಲೇ ಗತಿ. ಅದಕ್ಕೆ ಹಾಯಿಯಿಲ್ಲ, ಗಾಳಿಯ ಹಂಗೂ ಇಲ್ಲ. ನೀರು ಕಡಿಮೆಯಿದ್ದಲ್ಲಿ ಅಂಬಿಗ ಬಿದಿರಿನ ಗಳವನ್ನು ತಳಕ್ಕೆ ಊರಿ ಹಿಂದಕ್ಕೆ ನೂಕುತ್ತಾನೆ. ಹರಿಗೋಲು ಮುಂದಕ್ಕೆ ಸಾಗುತ್ತದೆ. ಗಳ ತಳ ಮುಟ್ಟದಿದ್ದರೆ ಹುಟ್ಟು ಹಾಕುತ್ತಾನೆ.

ಕಡಲಿನಲ್ಲಿ ಓಡುವ ಕಟಮರಾನ್ ಎಂಬ ಹಾಯಿದೋಣಿ ನೋಡಿದ್ದೀರಾ? ಎರಡು ಸಪೂರ ದೋಣಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದಂತಿರುತ್ತದೆ. ಹೆಸರು ಬಂದದ್ದು ತಮಿಳಿನ ‘ಕಟ್ಟುಮರ’ದಿಂದ. ಗಾಳಿ ನಿಂತರೆ ಅದರಲ್ಲಿದ್ದವರೂ ಹುಟ್ಟನ್ನೇ ಹಿಡಿಯಬೇಕು. ಕೆಲವರು ಸಣ್ಣ ಮೋಟಾರು ಇಟ್ಟುಕೊಳ್ಳುತ್ತಾರೆ; ಆದರೆ ಎಣ್ಣೆ ತೀರಿದರೆ ಅದೂ ನಿಂತೀತು. ಹುಟ್ಟಿಲ್ಲದೆ ಹೊರಟವರನ್ನು ಸೆಳವು ಎಳೆದತ್ತ ಒಯ್ಯುತ್ತದೆ.

ಅಜ್ಜ, ಅಜ್ಜಿ ಹರಿಗೋಲಿನಲ್ಲಿ ಹೊಳೆ ದಾಟಿದ್ದರೇ? ಇಂದು ರಾತ್ರಿ ಊಟದ ಹೊತ್ತಿಗೆ ಕೇಳಿ.