ಚಿಪ್ಪಿನೊಳಗಿನ ಖಾಲಿ ಜಾಗ

ಅರೆಸ್ವಯಂಚಾಲಿತ ಪಿಸ್ತೂಲು ಎಂದರೆ ಒಂದು ಗುಂಡು ಹಾರಿದೊಡನೆ ಬರಿದಾದ ಚಿಪ್ಪನ್ನು ತಾನೇ ಹೊರಗೆಸೆದು, ಮುಂದಿನ ಕಾಡತೂಸನ್ನು ನಳಿಗೆಯ ಬುಡಕ್ಕೆ ತಂದುಕೊಳ್ಳುವ ಕೈಬಂದೂಕು. ಗುಂಡು, ಅದನ್ನು ದೂಡುವ ಮದ್ದು, ಮದ್ದಿಗೆ ಕಿಡಿ ತಾಗಿಸುವ ಕೇಪು, ಇವೆಲ್ಲವೂ ಸಾಮಾನ್ಯವಾಗಿ ಹಿತ್ತಾಳೆಯದಾಗಿರುವ ಚಿಪ್ಪಿನಲ್ಲಿ ಕೂಡಿದರೆ ಅದು ಕಾಡತೂಸು. ಇಂಥ ಪಿಸ್ತೂಲುಗಳಿಗಾಗಿ ರೂಪುಗೊಂಡ '10 ಎಂಎಂ ಆಟೋ' ಮತ್ತು '.40 ಎಸ್ ಅಂಡ್ ಡಬ್ಲ್ಯು' ಎಂಬೆರಡು ಬಲಿಷ್ಠ ಕಾಡತೂಸುಗಳಲ್ಲಿ ಒಂದರ ಹೆಸರು ಮಿಲಿಮೀಟರಿನಲ್ಲಿಯೂ ಇನ್ನೊಂದರದು ಅಂಗುಲದಲ್ಲಿಯೂ ಇರುವುದರಿಂದ ಅವು ಬೇರೆ ಬೇರೆ ಕುಲದವೆಂದು ತೋರಬಹುದಾದರೂ, ಎರಡರ ಗುಂಡಿನ ವ್ಯಾಸವೂ ಸುಮಾರು 10.2 ಮಿ.ಮೀ.; ಮುಖ್ಯ ವ್ಯತ್ಯಾಸವಿರುವುದು ಚಿಪ್ಪಿನ ಉದ್ದದಲ್ಲಿ. ಮೊದಲನೆಯದರ ಚಿಪ್ಪು 25.2 ಮಿ.ಮೀ., ಎರಡನೆಯದರದು 21.6 ಮಿ.ಮೀ.

ಅಮೆರಿಕದ ಪಿಸ್ತೂಲು ತಜ್ಞ ಜೆಫ್ ಕೂಪರ್ ಅವರ ಚಿಂತನೆಯ ಫಲವಾದ 10 ಎಂಎಂ 1983ರಲ್ಲಿ ಬ್ರೆನ್ ಟೆನ್ ಎಂಬ ಪಿಸ್ತೂಲಿನೊಂದಿಗೆ ಮಾರುಕಟ್ಟೆಗೆ ಬಂದಾಗ, ಸ್ವೀಡನ್ನಿನ ನಾರ್ಮಾ ಕಂಪನಿ ತಯಾರಿಸಿದ ಕಾಡತೂಸು 13 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 365 ಮೀಟರ್ ವೇಗದಲ್ಲಿ ಹಾರಿಸುತ್ತಿತ್ತು; ಆ ಗುಂಡಿನ ಚಲನಶಕ್ತಿ 860 ಜೂಲ್‌ಗಳಷ್ಟು. ಪಿಸ್ತೂಲು ಮಾತ್ರ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಕಾಡತೂಸಿಗೆ ಮರುಜೀವ ಬಂದದ್ದು ಒಂದು ದುರಂತದಿಂದ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಮೃತಪಟ್ಟರು. ಒಬ್ಬ ದರೋಡೆಕೋರನಿಗೆ ಆರಂಭದಲ್ಲೇ ತಗುಲಿದ 9 ಎಂಎಂ ಗುಂಡು ಹೃದಯವನ್ನು ಮುಟ್ಟುವ ಮೊದಲೇ ನಿಂತಿತ್ತು. ಹೆಚ್ಚು ಆಳಕ್ಕಿಳಿಯುವ ಗುಂಡನ್ನು ಹುಡುಕಿದ ಎಫ್‌ಬಿಐ 10 ಎಂಎಂ ಅನ್ನು ಆರಿಸಿತಾದರೂ, ಅದರ ಒದೆತ, ಅಂದರೆ ಗುಂಡು ಹಾರುವಾಗ ಕೈಗೆ ಬೀಳುವ ಹಿಮ್ಮುಖ ಪೆಟ್ಟು, ಅತಿಯಾದುದರಿಂದ ಮದ್ದನ್ನು ತಗ್ಗಿಸಿ, 11.7 ಗ್ರಾಂ ಗುಂಡಿನ ವೇಗವನ್ನು ಸೆಕೆಂಡಿಗೆ ಸುಮಾರು 290 ಮೀಟರಿಗೆ ಇಳಿಸಬೇಕಾಯಿತು. ಶಕ್ತಿ 490 ಜೂಲ್‌ಗೆ ಕುಸಿಯಿತು. ಉದ್ದನೆಯ ಚಿಪ್ಪಿನಲ್ಲಿ ಜಾಗ ವ್ಯರ್ಥವಾಗಿ ಉಳಿಯಿತು.

ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳು 1990ರಲ್ಲಿ ತಂದ .40 ಹುಟ್ಟಿದ್ದು ಈ ಖಾಲಿ ಜಾಗವನ್ನು ಕತ್ತರಿಸಿದ್ದರಿಂದಲೇ. ಕಾಡತೂಸುಗಳನ್ನು ತುಂಬಿಡುವ ಮ್ಯಾಗಜೀನ್ ಪಿಸ್ತೂಲಿನ ಹಿಡಿಕೆಯೊಳಗೇ ಕೂರುವುದರಿಂದ ಕಾಡತೂಸು ಉದ್ದವಾದಷ್ಟೂ ಹಿಡಿಕೆ ದಪ್ಪವಾಗುತ್ತದೆ, ಕೇವಲ 28.8 ಮಿ.ಮೀ. ಉದ್ದದ .40 ಆದರೋ 9 ಎಂಎಂ ಪಿಸ್ತೂಲಿನ ಚೌಕಟ್ಟಿನಲ್ಲಿಯೇ ಹಿಡಿಯಿತು. ಅಮೆರಿಕದ ಪೊಲೀಸರು ಅದನ್ನು ಬೇಗನೆ ಒಪ್ಪಿಕೊಂಡದ್ದಕ್ಕೆ ಗುಂಡಿನ ಬಲಕ್ಕಿಂತ ಈ ಅನುಕೂಲವೇ ದೊಡ್ಡ ಕಾರಣವಿದ್ದೀತು. ಕಾಲಕ್ರಮೇಣ 9 ಎಂಎಂ ಗುಂಡುಗಳೇ ಸುಧಾರಿಸಿದ್ದರಿಂದ, 2016ರ ಹೊತ್ತಿಗೆ ಎಫ್‌ಬಿಐ ಮತ್ತೆ ಅವುಗಳತ್ತ ಹೊರಳಿತು.

ಪೂರ್ಣ ಮದ್ದಿನ 10 ಎಂಎಂ ಅಳಿದುಹೋಗಲಿಲ್ಲ. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ನಾಯಿಬಂಡಿಗಳ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳದವರು ಹಿಮಕರಡಿ ಎದುರಾದರೆ ಇರಲೆಂದು ಅದನ್ನೇ ಸೊಂಟದಲ್ಲಿ ಧರಿಸುತ್ತಾರೆ.