ಮನೆಯಲ್ಲೇ ಕಟ್ಟುವ ವಿಮಾನಕ್ಕೆ ವೈರಿಂಗ್ ಹೇಗೆ?

ಗೆಳೆಯ ಗೆಳತಿಯರೇ, ವಿಮಾನ ಅಂದ ಕೂಡಲೇ ದೊಡ್ಡ ಕಾರ್ಖಾನೆ ನೆನಪಾಗುತ್ತದೆ ಅಲ್ಲವೇ? ಆದರೆ ಅಮೆರಿಕದಲ್ಲಿ ಸಾವಿರಾರು ಜನ ಮನೆಯ ಕಾರು ಶೆಡ್ಡಿನಲ್ಲೇ ಒಬ್ಬಿಬ್ಬರು ಕೂರುವ ಚಿಕ್ಕ ವಿಮಾನ ಕಟ್ಟಿದ್ದಾರೆ. ಅಂಥವರ ಇ.ಎ.ಎ. ಎಂಬ ಸಂಘ 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಶುರುವಾಯಿತು. ಅಲ್ಲಿನ ನಿಯಮದ ಪ್ರಕಾರ ಇಂಥ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು. ಆದ್ದರಿಂದ ಬಹಳ ಜನ ರೆಕ್ಕೆ ಜೋಡಿಸುವುದರ ಜೊತೆಗೆ ವೈರಿಂಗ್ ಕೂಡ ಕಲಿಯುತ್ತಾರೆ. ನಮ್ಮ ದೇಶದಲ್ಲೂ ಮುಂಬೈನ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿ ಮೇಲೆ ವಿಮಾನ ಕಟ್ಟಿ, 2016ರಲ್ಲಿ ಮುಂಬೈಯ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟಿದ್ದರು.

ವಿಜ್ಞಾನ ಮೇಷ್ಟ್ರು ಇದನ್ನು ಹೇಳಿದಾಗ ನಾನು "ವೈರಿಂಗ್ ನಂಗೂ ಬರುತ್ತೆ ಸಾರ್" ಅಂದಿದ್ದೆ. ಬರುವುದಿಲ್ಲ ಅಂತ ಹೋದ ತಿಂಗಳು ಗೊತ್ತಾಯಿತು.

ಅಪ್ಪನ ಬೈಕಿನ ಹೆಡ್‌ಲೈಟಿನ ವೈರು ತುಂಡಾಗಿತ್ತು. ನಾನೇ ಎರಡು ತುದಿ ಸುಲಿದು, ತಿರುಚಿ, ಟೇಪು ಸುತ್ತಿದೆ. ದೀಪ ಹತ್ತಿತು. ಅಪ್ಪ "ಪರವಾಗಿಲ್ವೇ" ಅಂದರು. ನಾಲ್ಕನೇ ದಿನ ರಾತ್ರಿ ತೋಟಕ್ಕೆ ನೀರು ಬಿಟ್ಟು ನಾವಿಬ್ಬರೂ ಬರುವಾಗ ಕೆರೆ ಏರಿ ಮೇಲೆ ದೀಪ ಆರಿಹೋಯಿತು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ಅಪ್ಪ ಬ್ರೇಕು ಹಾಕಿ ಕಾಲು ಊರಿದರು. ಬೈಕು ವಾಲಿ ಅವರ ಮೊಣಕಾಲು ತರಚಿತು. ಅಪ್ಪ ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಮಾರನೇ ದಿನ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ನನ್ನ ಸೋದರಮಾವನ ಹತ್ತಿರ ಹೋದೆ. ಮಾವ ಟೇಪು ಬಿಚ್ಚಿ ನೋಡಿ, "ನಿಂತಾಗ ದೀಪ ಹತ್ತಿದ್ರೆ ಸಾಲ್ದು ಕಣೋ, ಗಾಡಿ ಅದುರುವಾಗ್ಲೂ ಹತ್ತಬೇಕು" ಅಂದರು. ಬೈಕಾದರೆ ಏರಿ ಮೇಲೆ ನಿಲ್ಲಿಸಬಹುದು. ಆಕಾಶದಲ್ಲಿ ಎಲ್ಲಿ ನಿಲ್ಲಿಸುವುದು? ಮಾವನಿಂದಲೂ ಮೇಷ್ಟ್ರಿಂದಲೂ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ವೈರು: ಒಂದೇ ದಪ್ಪ ಕಂಬಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಮುರಿಯುತ್ತದೆ. ಎಂಜಿನ್ನಿನಿಂದ ವಿಮಾನ ಅದುರುತ್ತಲೇ ಇರುತ್ತದೆ. ಅದಕ್ಕೇ ತೆಳ್ಳನೆಯ ಹಲವು ತಾಮ್ರದ ಎಳೆಗಳಿರುವ ವೈರು ಬೇಕು. ಎಳೆಗಳಿಗೆ ಕಿಲುಬು ಹಿಡಿಯದಂತೆ ತವರದ ಲೇಪ ಇರುತ್ತದೆ. ಮೇಲೆ ಟೆಫ್ಜೆಲ್ ಎಂಬ ಹೊದಿಕೆ ಇರುತ್ತದೆ. ಇದು ಸಾಮಾನ್ಯ ಪಿ.ವಿ.ಸಿ.ಗಿಂತ ಹೆಚ್ಚು ಬಿಸಿ ತಾಳುತ್ತದೆ.

2. ಜೋಡಣೆ: ನನ್ನ ಹಾಗೆ ತಿರುಚಬಾರದು. ಒಂದು ಎಳೆಯೂ ತುಂಡಾಗದಂತೆ ಸುಲಿದು, ಲಗ್ಗು ಹಾಕಿ, ಕ್ರಿಂಪಿಂಗ್ ಪ್ಲೇಯರಿನಿಂದ ಒತ್ತಬೇಕು. ಆಮೇಲೆ ಎಳೆದು ನೋಡಬೇಕು. ಬೆಸುಗೆ ಹಾಕಿದರೆ ಸೋಲ್ಡರ್ ಎಳೆಗಳೊಳಗೆ ಹರಿದು ಅಷ್ಟು ಭಾಗ ಕಡ್ಡಿಯಂತೆ ಗಟ್ಟಿಯಾಗುತ್ತದೆ. ಅದು ಮುಗಿಯುವ ಜಾಗದಲ್ಲಿ ವೈರು ಅದುರಿ ಅದುರಿ ಮುರಿಯಬಹುದು. ಆದ್ದರಿಂದ ಬೆಸುಗೆಯ ಪಕ್ಕದಲ್ಲಿ ವೈರು ಅಲುಗಾಡದಂತೆ ಆಧಾರ ಕೊಡಬೇಕು.

3. ಫ್ಯೂಸು: ಫ್ಯೂಸು ಬಲ್ಬನ್ನು ಕಾಪಾಡುತ್ತದೆ ಅಂದುಕೊಂಡಿದ್ದೆ. ಅದು ಕಾಪಾಡುವುದು ವೈರನ್ನು. ವೈರಿನ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ವೈರು ತೆಳು. ಚಿಕ್ಕ ವಿಮಾನಗಳಲ್ಲಿ ಸಾಮಾನ್ಯವಾಗಿ 22 ಗೇಜ್ ವೈರಿಗೆ 5 ಆಂಪಿಯರ್, 18 ಗೇಜ್ ವೈರಿಗೆ 10 ಆಂಪಿಯರ್ ಫ್ಯೂಸು ಹಾಕುತ್ತಾರೆ. ತೆಳು ವೈರಿಗೆ ದೊಡ್ಡ ಫ್ಯೂಸು ಹಾಕಿದರೆ ಫ್ಯೂಸಿಗಿಂತ ಮುಂಚೆ ವೈರೇ ಸುಡುತ್ತದೆ. ನಾವು ಫ್ಯೂಸು ಹೋದಾಗಲೆಲ್ಲ ದಪ್ಪ ತಂತಿ ಕಟ್ಟುತ್ತೇವಲ್ಲ, ಅದು ತಪ್ಪು.

4. ಕಟ್ಟುವುದು: ತಗಡಿನ ಅಂಚಿಗೆ ಉಜ್ಜಿದರೆ ವೈರಿನ ಹೊದಿಕೆ ಸವೆಯುತ್ತದೆ. ಆದ್ದರಿಂದ ವೈರು ಹಾಯುವ ತೂತಿಗೆ ರಬ್ಬರ್ ಬಳೆ ಹಾಕಬೇಕು, ವೈರುಗಳನ್ನು ಕಂತೆ ಕಟ್ಟಿ ಬಿಗಿಯಬೇಕು. ಪ್ರತಿ ವೈರಿಗೂ ಗುರುತು ಹಾಕಿ ಪುಸ್ತಕದಲ್ಲಿ ಚಿತ್ರ ಬರೆದಿಡಬೇಕು.

ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. 1998ರ ಸೆಪ್ಟೆಂಬರ್ 2ರಂದು ಸ್ವಿಸ್ ಏರ್ 111 ಎಂಬ ದೊಡ್ಡ ಪ್ರಯಾಣಿಕರ ವಿಮಾನ ಕೆನಡಾದ ಬಳಿ ಸಮುದ್ರಕ್ಕೆ ಬಿದ್ದು 229 ಜನ ಸತ್ತರು. ವೈರಿನ ಕಿಡಿ ಪಕ್ಕದ ಹೊದಿಕೆಗೆ ತಗುಲಿ ಬೆಂಕಿ ಎದ್ದಿರಬೇಕೆಂದು ತನಿಖೆಯಲ್ಲಿ ತಿಳಿಯಿತು.

ಮಾವ ನನ್ನ ಕೈಯಲ್ಲಿ ಹಳೇ ವೈರಿನ ತುಂಡುಗಳಿಗೆ ಇಪ್ಪತ್ತು ಲಗ್ಗು ಒತ್ತಿಸಿದರು. ಮೊದಲ ಏಳು ಎಳೆದ ಕೂಡಲೇ ಕಿತ್ತು ಬಂದವು. ಕೊನೆಯ ಐದು ಎಷ್ಟು ಎಳೆದರೂ ಬರಲಿಲ್ಲ. ಆಮೇಲೇ ಅಪ್ಪನ ಬೈಕು ಮುಟ್ಟಲು ಬಿಟ್ಟರು. ಈಗ ದೀಪ ಸರಿಯಾಗಿ ಹತ್ತುತ್ತಿದೆ. ಆದರೂ ಅಪ್ಪ ಏರಿ ಹತ್ತುವ ಮುಂಚೆ ಜೇಬಿನಲ್ಲಿ ಟಾರ್ಚ್ ಇದೆಯಾ ಅಂತ ಮುಟ್ಟಿ ನೋಡಿಕೊಳ್ಳುತ್ತಾರೆ.

ಗೆಳೆಯರೇ, ಮನೆಯ ಕರೆಂಟು 230 ವೋಲ್ಟು. ಅದಕ್ಕೆ ಕೈ ಹಾಕಬೇಡಿ. ಕಲಿಯಲು ಹಳೇ ವೈರು, ಟಾರ್ಚಿನ ಸೆಲ್ಲು, ಒಂದು ಪುಟ್ಟ ಬಲ್ಬು ಸಾಕು. ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಕೋರಿ ಮುಗಿಸುತ್ತೇನೆ.

– ಏಳನೇ ತರಗತಿ ವಿದ್ಯಾರ್ಥಿ