ಇಂಗ್ಲಿಷಿನ ತರತಮಗಳು

ಇಂಗ್ಲಿಷು ಕಲಿಯುವ ನಮ್ಮ ಮಕ್ಕಳಿಗೆ ಗುಣವಾಚಕಗಳ ಪಾಠ ಬಂದೊಡನೆ ಒಂದು ತೊಡಕು ತಲೆದೋರುವುದುಂಟು. ಟಾಲ್, ಟಾಲರ್, ಟಾಲೆಸ್ಟ್ ಎಂದು ಗಟ್ಟಿಮಾಡಿ ಒಪ್ಪಿಸಿದ ಹುಡುಗನೇ, ವಾಕ್ಯ ರಚಿಸೆಂದರೆ 'ರಾಮ ಈಸ್ ಟಾಲ್ ದ್ಯಾನ್ ಕೃಷ್ಣ' ಎಂದು ಬರೆಯುವನು; ಅವನಿಗಿಂತ ತುಸು ಚುರುಕಾದವನು 'ಮೋರ್ ಟಾಲರ್' ಎನ್ನುವನು. ಇದನ್ನು ಕಂಡು ತಂದೆತಾಯಿಗಳು ಮಗನ ಬುದ್ಧಿಯನ್ನು ಹಳಿಯಬೇಕಾದುದಿಲ್ಲ. ಕನ್ನಡದಲ್ಲಿ ಗುಣವಾಚಕಕ್ಕೆ ಈ ಬಗೆಯ ವಿಕಾರವೇ ಇಲ್ಲವಷ್ಟೆ. 'ಕೃಷ್ಣನಿಗಿಂತ ರಾಮ ಎತ್ತರ', 'ಎಲ್ಲರಿಗಿಂತಲೂ ರಾಮ ಎತ್ತರ' ಎನ್ನುವಲ್ಲಿ ಹೋಲಿಕೆಯ ಭಾರವನ್ನೆಲ್ಲ 'ಇಂತ' ಎಂಬುದೇ ಹೊರುವುದು. 'ಎತ್ತರ'ವು ಇದ್ದಂತೆಯೇ ಇರುವುದು. ಹುಡುಗನು ತಾಯ್ನುಡಿಯ ನ್ಯಾಯವನ್ನು ಪರಭಾಷೆಗೆ ಹಚ್ಚಿದನು, ಅಷ್ಟೆ.

ಸಂಸ್ಕೃತದ ಗಾಳಿ ಸೋಕಿದ ಮನೆಗಳಲ್ಲಿ ಈ ಪಾಠವನ್ನು ಬಹು ಸುಲಭವಾಗಿ ತಿಳಿಸಬಹುದು. ಎರಡನ್ನು ಹೋಲಿಸುವಾಗ 'ತರ', 'ಈಯಸ್' ಎಂಬ ಪ್ರತ್ಯಯಗಳನ್ನೂ, ಹಲವುಗಳಲ್ಲಿ ಒಂದರ ಅತಿಶಯವನ್ನು ಹೇಳುವಾಗ 'ತಮ', 'ಇಷ್ಠ' ಎಂಬುವನ್ನೂ ಪಾಣಿನಿ ಮಹರ್ಷಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ವಿಧಿಸಿರುವನು. ನಾವು ದಿನವೂ ಆಡುವ 'ತಾರತಮ್ಯ'ವೆಂಬ ಮಾತು ಹುಟ್ಟಿದುದು ಈ ತರತಮಗಳಿಂದಲೇ. ಇಂಗ್ಲಿಷಿನ 'ಅರ್', 'ಎಸ್ಟ್'ಗಳು ನಮ್ಮ 'ಈಯಸ್', 'ಇಷ್ಠ'ಗಳ ದಾಯಾದಿಗಳೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. 'ಸ್ವಾದಿಷ್ಠ'ವೂ 'ಸ್ವೀಟೆಸ್ಟ್' ಎಂಬುದೂ ಮೂಲದಲ್ಲಿ ಒಂದೇ ಮನೆಯವು. ಪ್ರಕೃತಿಯೂ ಒಂದೇ, ಪ್ರತ್ಯಯವೂ ಒಂದೇ. ಹಾಗಾದರೆ 'ಗುಡ್' ಎಂಬುದು 'ಬೆಟರ್', 'ಬೆಸ್ಟ್' ಆದುದು ಹೇಗೆಂದು ಮಗು ಕೇಳೀತು. ಸಂಸ್ಕೃತದಲ್ಲಿ 'ಪ್ರಶಸ್ಯ' ಶಬ್ದದ ಸ್ಥಾನಕ್ಕೆ 'ಶ್ರ' ಎಂಬುದು ಆದೇಶವಾಗಿ ಬಂದು ಶ್ರೇಯಸ್, ಶ್ರೇಷ್ಠ ಎಂದಾಗುವುದಿಲ್ಲವೆ? ಇಂಗ್ಲಿಷಿನಲ್ಲಿಯೂ ಹಾಗೆಯೇ ಬೇರೊಂದು ಮೂಲದ ಪದವು ಬಂದು 'ಗುಡ್'ನ ಪೀಠದಲ್ಲಿ ಕುಳಿತಿದೆ.

ಇಲ್ಲಿ ಒಂದು ಮಾತು. ಮಕ್ಕಳ 'ಮೋಸ್ಟ್ ಬೆಸ್ಟ್' ಕೇಳಿ ನಗುವ ನಾವು 'ಅತ್ಯಂತ ಶ್ರೇಷ್ಠ' ಎಂದು ನಿಸ್ಸಂಕೋಚವಾಗಿ ಬರೆಯುತ್ತೇವೆ, ದೋಷ ಅದೇ. 'ಶ್ರೇಷ್ಠತಮ'ವಂತೂ ಯಜುರ್ವೇದದ ಮೊದಲಲ್ಲಿಯೇ ಇದೆ. ಷೇಕ್ಸ್‌ಪಿಯರ್ ಮಹಾಕವಿಯೂ ಜೂಲಿಯಸ್ ಸೀಸರ್ ನಾಟಕದಲ್ಲಿ ಆಂಟನಿಯ ಬಾಯಿಂದ 'ಮೋಸ್ಟ್', 'ಎಸ್ಟ್' ಎರಡನ್ನೂ ಒಂದೇ ಪದಕ್ಕೆ ಹಚ್ಚಿಸಿದ್ದಾನೆ. ಆದರೆ ವೇದಕ್ಕಾಗಲಿ ಷೇಕ್ಸ್‌ಪಿಯರನಿಗಾಗಲಿ ಪರೀಕ್ಷಕರು ಅಂಕ ಹಾಕುವುದಿಲ್ಲ. ನಮ್ಮ ಮಕ್ಕಳಿಗೆ ಹಾಕುತ್ತಾರೆ.

ರೂಪಸಿದ್ಧಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಒಂದೇ ಸ್ವರದ ಚಿಕ್ಕ ಪದಗಳಿಗೂ, 'ಹ್ಯಾಪಿ'ಯಂತೆ ಇಕಾರಾಂತವಾಗಿ ಕೇಳುವ ಎರಡು ಸ್ವರದವಕ್ಕೂ ಸಾಮಾನ್ಯವಾಗಿ ಪ್ರತ್ಯಯ ಸೇರುವುದು. 'ಬ್ಯೂಟಿಫುಲ್' ಮೊದಲಾದ ಉದ್ದನೆಯ ಪದಗಳಿಗೆ 'ಮೋರ್', 'ಮೋಸ್ಟ್' ಹಿಂದೆ ನಿಲ್ಲುವುವು. 'ಕ್ಲೆವರ್', 'ಸಿಂಪಲ್' ಮುಂತಾದುವು ಎರಡು ದಾರಿಯನ್ನೂ ಬಲ್ಲವು.

ಎರಡಕ್ಕೆ ತರ, ಹಲವಕ್ಕೆ ತಮ ಎಂಬ ನಿಯಮವೇ ಸಂಸಾರಿಗಳಿಗೆ ಮುಖ್ಯವಾದುದು. ನನ್ನ ಪರಿಚಯದ ಗೃಹಸ್ಥರೊಬ್ಬರಿಗೆ ಮೂವರು ಹೆಣ್ಣುಮಕ್ಕಳು. ದೂರದೂರಿನ ವರನ ಕಡೆಯವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಅವರು 'ಮೈ ಎಲ್ಡರ್ ಡಾಟರ್' ಎಂದು ಬರೆದರು. ಓದಿದವರು ಇಂಗ್ಲಿಷು ಚೆನ್ನಾಗಿ ಬಲ್ಲವರು. ಮಕ್ಕಳು ಇಬ್ಬರೇ ಎಂದು ತಿಳಿದರು. ಬಂದು ನೋಡಿದರೆ ಮೂವರು! ಒಬ್ಬಳನ್ನು ಬಚ್ಚಿಟ್ಟುದೇಕೆಂಬ ಸಂದೇಹ ಹುಟ್ಟಿ, ಆ ಸಂಬಂಧ ಕೂಡಿಬರಲಿಲ್ಲ. 'ಎಲ್ಡೆಸ್ಟ್' ಎಂದಿದ್ದರೆ ಸಾಕಾಗಿತ್ತು. ಮಾತಿನಲ್ಲಿ ಇಂಗ್ಲಿಷರೇ ಈ ನಿಯಮವನ್ನು ಸಡಿಲಿಸುವುದುಂಟು, ನಿಜ. ಬರಹದಲ್ಲಿ, ಅದರಲ್ಲಿಯೂ ಮರಣಶಾಸನದಂಥ ಪತ್ರಗಳಲ್ಲಿ, ಈ ಸಡಿಲು ಸಲ್ಲದು. ಮೂವರು ಗಂಡುಮಕ್ಕಳಿರುವಾಗ 'ಮೈ ಯಂಗರ್ ಸನ್'ಗೆ ತೋಟವೆಂದು ಬರೆದರೆ, ನಡುವಿನವನೂ ಹಿರಿಯನಿಗಿಂತ ಯಂಗರನೇ, ಕಡೆಯವನೂ ಯಂಗರನೇ. ತೋಟ ಯಾರಿಗೆ? ಅಲ್ಲಿ ಮಗನ ಹೆಸರನ್ನೇ ಬರೆಯುವುದು ಕ್ಷೇಮ.

ಇನ್ನೊಂದು ಸೂಕ್ಷ್ಮವಿದೆ. 'ಬೆಂಗಳೂರು ಈಸ್ ಬಿಗ್ಗರ್ ದ್ಯಾನ್ ಎನಿ ಸಿಟಿ ಇನ್ ಕರ್ನಾಟಕ' ಎಂದರೆ ಬೆಂಗಳೂರು ತನಗಿಂತಲೂ ದೊಡ್ಡದಾಗಬೇಕಾಗುತ್ತದೆ. ಅದೂ ಕರ್ನಾಟಕದ ನಗರವೇ ತಾನೆ? 'ಎನಿ ಅದರ್ ಸಿಟಿ' ಎಂದು ಹೇಳತಕ್ಕದ್ದು. 'ಮಿಕ್ಕ ಯಾವ ನಗರಕ್ಕಿಂತಲೂ' ಎಂದು ನಾವು ಕನ್ನಡದಲ್ಲಿಯೂ ಹೇಳುತ್ತೇವಲ್ಲವೆ?

ಕಚೇರಿಗಳಲ್ಲಿ ಆಗಾಗ ಕಿವಿಗೆ ಬೀಳುವ 'ಸೀನಿಯರ್ ದ್ಯಾನ್ ಮಿ' ಎಂಬುದೂ ತಪ್ಪು. ಸೀನಿಯರ್ ಎಂಬುದು ಲ್ಯಾಟಿನಿನಿಂದ ಬಂದುದು. ವೃದ್ಧನೆಂಬರ್ಥದ 'ಸೆನೆಕ್ಸ್' ಎಂಬುದರ ತರರೂಪ, ನಮ್ಮ 'ಸನಾತನ'ದ ದೂರದ ನೆಂಟ. ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್‌ಗಳೂ ಅದೇ ಕುಲದವು. ಇವುಗಳ ಮುಂದೆ 'ದ್ಯಾನ್' ಬಾರದು, 'ಟು' ಬರುವುದು. ಮನೆಗೆ ಬಂದ ಅತಿಥಿಗೆ ಕಾಫಿಗಿಂತ ಚಹ ಹೆಚ್ಚು ಇಷ್ಟವಾದರೆ ಅಲ್ಲಿಯೂ ಈ 'ಟು' ಬೇಕು: 'ಐ ಪ್ರಿಫರ್ ಟೀ ಟು ಕಾಫಿ'.